ಗ್ರಂಥಿಗಳಲ್ಲಿ ಕ್ಯಾನ್ಸರ್ ಇಲ್ಲ, ಆದರೆ ದುಗ್ಧನಾಳದೊಳಗೆ ಇದೆ ಅಂತ ರಿಪೋರ್ಟ್. ಇದೆಂಥಾ ಲೆಕ್ಕ?

ಮಳೆಹನಿ
ನಮಸ್ಕಾರ. ಅಕ್ಕನಿಗೆ ಶ್ವಾಸಕೋಶದ ಆಪರೇಷನ್ ಆಯಿತು. ಬಲಗಡೆಯ ಮೇಲಿನ ಲೋಬ್ ತೆಗೆದಿದ್ದಾರೆ. ಈಗ ಪ್ಯಾಥಾಲಜಿ ರಿಪೋರ್ಟ್ ಕೈಗೆ ಬಂದಿದೆ. ಅಡಿನೋಕಾರ್ಸಿನೋಮ (ಶ್ವಾಸಕೋಶದ ಕ್ಯಾನ್ಸರ್‌ನ ಒಂದು ಬಗೆ), ಗಡ್ಡೆ 3.4 ಸೆಂ.ಮೀ., ಅಂಚಿನಲ್ಲಿ ಏನೂ ಉಳಿದಿಲ್ಲ, ತೆಗೆದ ದುಗ್ಧಗ್ರಂಥಿಗಳಲ್ಲಿ ಒಂದರಲ್ಲೂ ಕ್ಯಾನ್ಸರ್ ಇಲ್ಲ, ಎನ್0. ಇಷ್ಟು ಓದಿ ಮನೆಮಂದಿಯೆಲ್ಲ ಸಮಾಧಾನ ಮಾಡಿಕೊಂಡೆವು. ಅದರ ಕೆಳಗೇ ಇನ್ನೊಂದು ಸಾಲು ಇದೆ: ‘ಲಿಂಫ್ಯಾಟಿಕ್ ಇನ್ವೇಷನ್: ಇದೆ’, ಅಂದರೆ ದುಗ್ಧನಾಳದೊಳಗೆ ಕ್ಯಾನ್ಸರ್ ಹೊಕ್ಕಿದೆ ಅಂತ.

ನೆಟ್‌ನಲ್ಲಿ ಹುಡುಕಿದರೆ ಬರೀ ಸಂಶೋಧನಾ ಲೇಖನಗಳು. ಗಡ್ಡೆಯ ಸುತ್ತ ದುಗ್ಧನಾಳಗಳು ಜಾಸ್ತಿ ಬೆಳೆದಿದ್ದರೆ ಕ್ಯಾನ್ಸರ್ ಮರಳುವ ಸಾಧ್ಯತೆ ಹೆಚ್ಚು ಎಂದು ಕೆಲವು ಹೇಳುತ್ತವೆ. ಸಂಬಂಧವೇ ಇಲ್ಲ ಎಂದು ಇನ್ನು ಕೆಲವು. ನಾಳ ಬೆಳೆಯುವುದು, ನಾಳದೊಳಗೆ ಕ್ಯಾನ್ಸರ್ ಹೊಕ್ಕಿರುವುದು, ಇವೆರಡೂ ಒಂದೇನಾ? ಗ್ರಂಥಿಗಳು ಶುದ್ಧವಾಗಿದ್ದರೂ ಈ ಸಾಲಿಗೆ ಬೆಲೆ ಇದೆಯಾ? ಮುಂದಿನ ವಾರ ಡಾಕ್ಟರ್ ಭೇಟಿ ಇದೆ. ಅಲ್ಲಿ ಏನು ಕೇಳಬೇಕು ಅಂತಾದರೂ ತಿಳಿದರೆ ಸಾಕು.

ತುಂಟಕೋತಿ
ಮೊದಲು ಆ ಟ್ಯಾಬ್‌ಗಳನ್ನೆಲ್ಲ ಮುಚ್ಚಿ. ರಾತ್ರಿ ಹೊತ್ತು ಕ್ಯಾನ್ಸರ್ ಬಗ್ಗೆ ಓದಿ ಒಳ್ಳೆ ಸುದ್ದಿ ಕಂಡವರು ಯಾರೂ ಇಲ್ಲ.

ಸ್ಲೈಡ್‌ಗೂಬೆ
ಪ್ಯಾಥಾಲಜಿ ನನ್ನ ಕೆಲಸ. ಮಳೆಹನಿ ಅವರೇ, ನೀವು ಕೇಳಿದ್ದು ಸರಿಯಾದ ಪ್ರಶ್ನೆ. ಇಲ್ಲಿ ಮೂರು ಬೇರೆಬೇರೆ ವಿಷಯಗಳು ಕಲಸಿಹೋಗಿವೆ.

ಗಡ್ಡೆಯ ಒಳಗೆ ಅಥವಾ ಅಂಚಿನಲ್ಲಿ ಎಷ್ಟು ದುಗ್ಧನಾಳಗಳಿವೆ ಅನ್ನುವುದು ಒಂದು. ಅದನ್ನು ನಾಳಗಳ ದಟ್ಟಣೆ ಅನ್ನಿ. ನೀವು ಓದಿದ ಲೇಖನಗಳು ಬಹುಪಾಲು ಇದರ ಬಗ್ಗೆ. ಇದನ್ನು ರಿಪೋರ್ಟ್‌ನಲ್ಲಿ ಯಾರೂ ಬರೆಯುವುದಿಲ್ಲ, ಏಕೆಂದರೆ ಅದು ಸಂಶೋಧನೆಯವರ ಅಳತೆ. ಆ ನಾಳಗಳ ಒಳಗೆ ಕ್ಯಾನ್ಸರ್ ಕೋಶಗಳ ಗುಂಪು ಕಣ್ಣಿಗೆ ಬಿದ್ದಿದೆಯೇ ಅನ್ನುವುದು ಎರಡನೆಯದು. ನಿಮ್ಮ ಅಕ್ಕನ ರಿಪೋರ್ಟ್ ಹೇಳುತ್ತಿರುವುದು ಇದನ್ನೇ. ಆ ಕೋಶಗಳು ಹೊರಟು ಗ್ರಂಥಿಗೆ ಮುಟ್ಟಿ ಅಲ್ಲಿ ಬೆಳೆದಿವೆಯೇ ಅನ್ನುವುದು ಮೂರನೆಯದು. ಅದಕ್ಕೆ ಉತ್ತರ ನಿಮ್ಮ ರಿಪೋರ್ಟ್‌ನಲ್ಲೇ ಇದೆ: ಇಲ್ಲ.

ಹಂತ ನಿರ್ಧಾರ ಮಾಡುವುದು ಗಡ್ಡೆಯ ಗಾತ್ರ, ಗ್ರಂಥಿ, ದೂರಕ್ಕೆ ಹರಡಿರುವುದು, ಈ ಮೂರರ ಮೇಲೆ. ನಾಳದೊಳಗಿನ ಕೋಶ ಹಂತವನ್ನು ಬದಲಿಸುವುದಿಲ್ಲ. ಬೇರೇನೂ ಇಲ್ಲದಿದ್ದರೆ 3.4 ಸೆಂ.ಮೀ., ಎನ್0 ಅಂದರೆ 1ಬಿ ಹಂತ. ಆದರೂ ಆ ಸಾಲನ್ನು ಸುಮ್ನೆ ಬರೆದಿರುವುದಿಲ್ಲ. ಒಂದೇ ಹಂತದ ಇಬ್ಬರನ್ನು ಹೋಲಿಸಿದರೆ, ನಾಳದೊಳಗೆ ಕೋಶ ಇರುವವರಲ್ಲಿ ಕ್ಯಾನ್ಸರ್ ಮರಳುವ ಸಾಧ್ಯತೆ ಸ್ವಲ್ಪ ಹೆಚ್ಚು. ಹೆಚ್ಚು ಅಂದರೆ ಖಚಿತ ಅಂತಲ್ಲ.

ನೀಲಿಕೊಡೆ
ದುಗ್ಧನಾಳ ಅಂದರೆ ರಕ್ತನಾಳದ್ದೇ ಇನ್ನೊಂದು ಹೆಸರಲ್ವಾ? ಯಾಕೆ ಇಷ್ಟು ಗೊಂದಲ?

ಇಲಿಮನೆ
@ನೀಲಿಕೊಡೆ ಅಲ್ಲ. ಬೇರೆಯೇ ಜಾಲ. ರಕ್ತದಿಂದ ಅಂಗಾಂಶಕ್ಕೆ ಸೋರಿದ ದ್ರವವನ್ನು ಹೀರಿಕೊಂಡು ಹೋಗುವುದು ಇದರ ಕೆಲಸ. ಒಂದು ತುದಿ ಮುಚ್ಚಿರುತ್ತದೆ. ಗೋಡೆ ತೀರಾ ತೆಳು. ಕೋಶಗಳ ನಡುವಿನ ಸಂದಿ ಕದದ ಹಾಗೆ ಒಳಕ್ಕೆ ತೆರೆದುಕೊಳ್ಳುತ್ತದೆ, ಕ್ಯಾನ್ಸರ್ ಕೋಶಕ್ಕೂ ಒಳನುಗ್ಗಲು ಸುಲಭ. ಅಲ್ಲಿಂದ ಗ್ರಂಥಿಗಳ ಮೂಲಕ ಹಾದು ಕೊನೆಗೆ ಕತ್ತಿನ ಬುಡದ ದೊಡ್ಡ ಅಭಿಧಮನಿಗೆ ಸೇರುತ್ತದೆ.

ಬೆಳವಣಿಗೆಯ ಕಥೆಗೆ ಬರೋಣ. ನಾನು ಇಲಿಗಳ ಮೇಲೆ ಕೆಲಸ ಮಾಡುವವನು, ಸ್ವಲ್ಪ ಉದ್ದ ಬರೆಯುತ್ತೇನೆ. ರಕ್ತನಾಳ ಬೆಳೆಸುವ ಪ್ರೋಟೀನ್ ವಿಇಜಿಎಫ್ ಎಂಬುದು 80ರ ದಶಕದಲ್ಲೇ ಗೊತ್ತಿತ್ತು. ಅದರ ತಂಗಿಯಂಥ ವಿಇಜಿಎಫ್-ಸಿ ಸಿಕ್ಕಿದ್ದು 1996ರಲ್ಲಿ, ಹೆಲ್ಸಿಂಕಿಯ ಕಾರಿ ಅಲಿಟಾಲೊ ಅವರ ಗುಂಪಿನಿಂದ. ಸ್ವಲ್ಪ ದಿನದಲ್ಲೇ ವಿಇಜಿಎಫ್-ಡಿ ಕೂಡ ಸಿಕ್ಕಿತು. ಇವೆರಡೂ ದುಗ್ಧನಾಳದ ಗೋಡೆಯಲ್ಲಿರುವ ವಿಇಜಿಎಫ್‌ಆರ್-3 ಎಂಬ ಗ್ರಾಹಕಕ್ಕೆ ಅಂಟಿಕೊಳ್ಳುತ್ತವೆ, ನಾಳ ಕವಲೊಡೆಯುತ್ತದೆ. 2001ರಲ್ಲಿ ಒಂದರ ಹಿಂದೆ ಒಂದು ಇಲಿ ಪ್ರಯೋಗಗಳು ಬಂದವು. ಈ ಪ್ರೋಟೀನ್ ಜಾಸ್ತಿ ಮಾಡಿಸಿದ ಗಡ್ಡೆಗಳ ಸುತ್ತ ದುಗ್ಧನಾಳ ಹೆಚ್ಚಿತು, ಗ್ರಂಥಿಗೆ ಕ್ಯಾನ್ಸರ್ ಹರಡುವುದೂ ಹೆಚ್ಚಿತು. ಆಗ ಎಲ್ಲರಿಗೂ ಉತ್ಸಾಹ. ಮನುಷ್ಯರ ಗಡ್ಡೆಗಳಲ್ಲಿ ಈ ನಾಳಗಳನ್ನು ಎಣಿಸಿ ಭವಿಷ್ಯ ಹೇಳಬಹುದು ಎಂದು ಎಲ್ಲ ಲ್ಯಾಬ್‌ಗಳೂ ಎಣಿಸಲು ಕೂತವು. ಶ್ವಾಸಕೋಶದ ಕ್ಯಾನ್ಸರ್ ಅದರಲ್ಲಿ ಮುಂಚೂಣಿಯಲ್ಲಿತ್ತು.

ಲೆಕ್ಕದವನು
ಎಣಿಸಲು ಕೂತವು, ಸರಿ. ಹೇಗೆ ಎಣಿಸಿದವು ಅಂತ ಯಾರೂ ಹೇಳುವುದಿಲ್ಲ ನೋಡಿ. ಅಲ್ಲೇ ಇರುವುದು ಎಡವಟ್ಟು.

ಮೊದಲು ಚಿಕ್ಕ ಲೆನ್ಸ್‌ನಲ್ಲಿ ಸ್ಲೈಡ್ ಇಡೀ ನೋಡುತ್ತಾರೆ. ನಾಳ ಎಲ್ಲಿ ದಟ್ಟವಾಗಿ ಕಾಣುತ್ತದೋ ಅಲ್ಲಿಗೆ ಹೋಗಿ ದೊಡ್ಡ ಲೆನ್ಸ್‌ನಲ್ಲಿ ಕೆಲವು ಜಾಗ ಎಣಿಸಿ ಸರಾಸರಿ ತೆಗೆಯುತ್ತಾರೆ. ಯಾವ ಜಾಗ ಆರಿಸುವುದು ಎಂಬುದು ನೋಡುವವರ ಕಣ್ಣಿಗೆ ಬಿಟ್ಟಿದ್ದು. ಒಬ್ಬರು ಗಡ್ಡೆಯ ಒಳಗೆ ಎಣಿಸುತ್ತಾರೆ, ಇನ್ನೊಬ್ಬರು ಅಂಚಿನಲ್ಲಿ. ಆಮೇಲೆ ‘ಜಾಸ್ತಿ’, ‘ಕಡಿಮೆ’ ಎಂದು ಎರಡು ಗುಂಪು. ಗೆರೆ ಎಲ್ಲಿ ಎಳೆಯುವುದು? ಬಹಳ ಕಡೆ ಮಧ್ಯದ ಅಂಕಿಯಲ್ಲಿ. ಅಂದರೆ ಅರ್ಧ ಜನ ತಾವಾಗಿಯೇ ‘ಜಾಸ್ತಿ’ ಗುಂಪಿಗೆ ಬೀಳುತ್ತಾರೆ, ಅವರ ಗಡ್ಡೆ ಹೇಗೇ ಇರಲಿ. ಇನ್ನು ಕೆಲವರು ಫಲಿತಾಂಶ ನೋಡಿದ ಮೇಲೆ ಗೆರೆ ಎಳೆಯುತ್ತಾರೆ. ಹಾಗೆ ಮಾಡಿದರೆ ಯಾವ ಸಂಬಂಧ ಬೇಕಾದರೂ ತೋರಿಸಬಹುದು.

2005ರಲ್ಲಿ ರಿಮಾರ್ಕ್ ಎಂಬ ಮಾರ್ಗಸೂಚಿ ಬಂದಿದ್ದೇ ಇಂಥ ಕಾಟಕ್ಕೆ. ರೋಗದ ಭವಿಷ್ಯ ಸೂಚಿಸುವ ಗುರುತುಗಳ ಬಗ್ಗೆ ಬರೆಯುವವರು ಗೆರೆ ಎಲ್ಲಿ ಎಳೆದರು, ಯಾಕೆ ಎಳೆದರು, ಎಷ್ಟು ಜನರನ್ನು ಕೈಬಿಟ್ಟರು ಎಂದು ಬರೆಯಲೇಬೇಕು ಎನ್ನುತ್ತದೆ ಅದು.

ಇಲಿಮನೆ
ಲೆಕ್ಕದವರೇ, ಅಷ್ಟೊಂದು ಕಠಿಣ ಆಗಬೇಡಿ. ಬೇರೆಬೇರೆ ದೇಶದ, ಬೇರೆಬೇರೆ ಲ್ಯಾಬ್‌ಗಳ ಫಲಿತಾಂಶ ಒಟ್ಟುಗೂಡಿಸಿದಾಗಲೂ ನಾಳ ದಟ್ಟ ಇರುವವರಲ್ಲಿ ಗ್ರಂಥಿಗೆ ಹರಡುವುದು ಹೆಚ್ಚು ಎಂಬ ದಿಕ್ಕು ಕಾಣುತ್ತದೆ. ವಿಇಜಿಎಫ್-ಸಿ ಮಟ್ಟದ ಕಥೆಯೂ ಅದೇ. ಎಲ್ಲ ಎಣಿಕೆದಾರರೂ ಒಂದೇ ಕಡೆಗೆ ತಪ್ಪಿದರು ಅಂತೀರಾ?

ಲೆಕ್ಕದವನು
ತಪ್ಪಿದರು ಅಂತಿಲ್ಲ. ಸಂಬಂಧ ಸಿಗದ ಅಧ್ಯಯನ ಎಷ್ಟು ಜನರ ಡ್ರಾಯರ್‌ನಲ್ಲೇ ಉಳಿಯಿತು ಅಂತ ಕೇಳುತ್ತಿದ್ದೇನೆ. ಇನ್ನೊಂದು, ಗ್ರಂಥಿಯ ಸ್ಥಿತಿಯನ್ನು ಲೆಕ್ಕಕ್ಕೆ ಸೇರಿಸಿದ ಮೇಲೂ ನಾಳದ ಎಣಿಕೆಗೆ ಸ್ವಂತ ಬೆಲೆ ಉಳಿಯುತ್ತದೆಯೇ? ಹಲವು ಕಡೆ ಉಳಿಯುವುದಿಲ್ಲ. ಗ್ರಂಥಿಯಲ್ಲಿ ಕ್ಯಾನ್ಸರ್ ಇದೆಯೋ ಇಲ್ಲವೋ ಅಂತ ನೇರವಾಗಿ ನೋಡಿಯಾಗಿದೆ. ಅಲ್ಲಿಗೆ ಹೋಗುವ ಹಳಿ ಎಷ್ಟಿದೆ ಅಂತ ಎಣಿಸಿ ರೈಲು ಬಂತೋ ಇಲ್ಲವೋ ಅಂತ ಊಹಿಸುವುದು ಯಾಕೆ?

ತುಂಟಕೋತಿ
ರೈಲು ಲೇಟ್ ಆಗಿರಬಹುದಲ್ವಾ ಗುರು?

ಎದೆಗೂಡು
ತುಂಟಕೋತಿ ತಮಾಷೆಗೆ ಹೇಳಿದ್ದರಲ್ಲೇ ವಿಷಯ ಇದೆ. ನಾನು ಎದೆಯ ಆಪರೇಷನ್ ಮಾಡುವವನು. ಎನ್0 ಎಂಬುದು ‘ಗ್ರಂಥಿಯಲ್ಲಿ ಏನೂ ಇಲ್ಲ’ ಎಂಬ ಖಾತ್ರಿ ಅಲ್ಲ. ‘ತೆಗೆದು, ಕತ್ತರಿಸಿ, ನೋಡಿದ ಭಾಗದಲ್ಲಿ ಏನೂ ಕಾಣಲಿಲ್ಲ’ ಅಂತ ಅಷ್ಟೇ. ಪ್ರತಿ ಗ್ರಂಥಿಯಿಂದ ಒಂದೆರಡು ತೆಳು ಹೋಳು ನೋಡುತ್ತಾರೆ. ಚಿಕ್ಕ ಗುಂಪು ಇದ್ದರೆ ತಪ್ಪಿಸಿಕೊಳ್ಳಬಹುದು. ನಾಳದೊಳಗೆ ಕೋಶ ಕಂಡಿದೆ ಅಂದಾಗ ನಾನು ಗ್ರಂಥಿಯ ಪಟ್ಟಿಯನ್ನು ಮತ್ತೊಮ್ಮೆ ತೆಗೆದು ನೋಡುತ್ತೇನೆ.

ಮಳೆಹನಿ ಅವರೇ, ಡಾಕ್ಟರನ್ನು ಕೇಳಬೇಕಾದ ಮೊದಲ ಪ್ರಶ್ನೆ ಇದು: ಯಾವ ಯಾವ ಸ್ಟೇಷನ್‌ನ ಗ್ರಂಥಿ ತೆಗೆದಿರಿ? ಎದೆಯ ಗ್ರಂಥಿಗಳಿಗೆ ನಂಬರ್ ಇದೆ. ಶ್ವಾಸನಾಳ ಎರಡಾಗುವ ಜಾಗದ ಕೆಳಗಿನದು 7. ಎದೆಯ ನಡುಭಾಗದಿಂದ ಕನಿಷ್ಠ ಮೂರು ಸ್ಟೇಷನ್, ಶ್ವಾಸಕೋಶದ ಬುಡ ಅಥವಾ ಒಳಗಿನದು ಕನಿಷ್ಠ ಒಂದು, ಇಷ್ಟು ನೋಡಿರಬೇಕು. ಅಷ್ಟು ನೋಡಿ ಎನ್0 ಅಂದರೆ ಅದಕ್ಕೆ ತೂಕ ಇದೆ. ಎರಡೇ ಗ್ರಂಥಿ ನೋಡಿ ಎನ್0 ಅಂದರೆ ಕಾಗದದ ಮೇಲಿನ ಸಮಾಧಾನ.

ಗ್ರಂಥಿಯ ತೂಕ ಎಷ್ಟು ಅಂತ ಕೇಳಿದರೆ, ಟಿಎನ್ಎಂ ಎಂಬ ಹಂತ ನಿರ್ಧಾರದ ಪದ್ಧತಿಯ 8ನೇ ಆವೃತ್ತಿಗೆ ಸೇರಿಸಿದ ಅಂತರರಾಷ್ಟ್ರೀಯ ಅಂಕಿಅಂಶದಲ್ಲಿ ಆಪರೇಷನ್ ಆಗಿ 5 ವರ್ಷ ಬದುಕಿದ್ದವರು ಎನ್0 ಇದ್ದರೆ ಶೇ. 75, ಎನ್1 (ಶ್ವಾಸಕೋಶದ ಬುಡ ಅಥವಾ ಒಳಗಿನ ಗ್ರಂಥಿಯಲ್ಲಿ ಕ್ಯಾನ್ಸರ್) ಇದ್ದರೆ ಶೇ. 49, ಎನ್2 (ಎದೆಯ ನಡುಭಾಗದ ಗ್ರಂಥಿಯಲ್ಲಿ ಕ್ಯಾನ್ಸರ್) ಇದ್ದರೆ ಶೇ. 36. ಇದು ದೊಡ್ಡ ಅಂತರ.

ಹಳೇಬೇರು
ಇದಕ್ಕೇ ನಾನು ಹೇಳೋದು, ಚಾಕು ತಾಗಿಸಬಾರದು ಅಂತ. ಗಾಳಿ ತಾಗಿದರೆ ಹರಡುತ್ತದೆ. ಹಿರಿಯರು ಸುಮ್ನೆ ಹೇಳಿದ್ದಲ್ಲ.

ಎದೆಗೂಡು
ಹಳೇಬೇರು ಅವರೇ, ಗಾಳಿ ತಾಗಿ ಹರಡುವುದಾಗಿದ್ದರೆ ಶ್ವಾಸಕೋಶದಲ್ಲಿ ಹುಟ್ಟಿದ ಕ್ಯಾನ್ಸರ್ ದಿನವಿಡೀ ಗಾಳಿಯಲ್ಲೇ ಇರುತ್ತದೆ. ಆರಂಭದ ಹಂತದಲ್ಲಿ ಗುಣ ಮಾಡುವ ಮುಖ್ಯ ದಾರಿ ಇವತ್ತಿಗೂ ಆಪರೇಷನ್ನೇ. ಪರೀಕ್ಷೆಗೆ ಚೂರು ತೆಗೆಯಲು ಹಾಕಿದ ಸೂಜಿ ಹಾದ ದಾರಿಯಲ್ಲಿ ಕೋಶ ಉಳಿಯುವುದು ಅಪರೂಪಕ್ಕೆ ಆಗುತ್ತದೆ, ಅದನ್ನು ಮುಚ್ಚಿಡುತ್ತಿಲ್ಲ. ಆದರೆ ಅದಕ್ಕೆ ಹೆದರಿ ಕೂತರೆ ಕಳೆದುಕೊಳ್ಳುವುದು ಬಹಳ.

ಹಳೇಬೇರು
ನೀವು ಸರ್ಜನ್ನು, ಇನ್ನೇನು ಹೇಳ್ತೀರಿ.

ಕಲ್ಲುಸಕ್ಕರೆ
ನನ್ನ ಗಂಡನಿಗೆ ಗ್ರಂಥಿಯಲ್ಲೂ ಇತ್ತು, ಎನ್2 ಅಂತ ಬರೆದಿದ್ದರು. ಮೊದಲು ಕೀಮೋ ಮತ್ತು ಇಮ್ಯೂನೋ (ದೇಹದ ರೋಗನಿರೋಧಕ ಶಕ್ತಿಯನ್ನು ಎಬ್ಬಿಸುವ ಔಷಧ) ಕೊಟ್ಟು ಆಮೇಲೆ ಆಪರೇಷನ್ ಮಾಡಿದರು. ತೆಗೆದ ಗಡ್ಡೆಯಲ್ಲಿ ಜೀವಂತ ಕ್ಯಾನ್ಸರ್ ಕೋಶವೇ ಇರಲಿಲ್ಲ. ಈಗ ಆರಾಮಾಗಿದ್ದಾರೆ. ಅಂಕಿ ನೋಡಿ ಹೆದರಬೇಡಿ ಮಳೆಹನಿ.

ಒಂಟಿಮರ
ನನ್ನ ತಮ್ಮನಿಗೆ ಎನ್0 ಇತ್ತು. ನಾಳದಲ್ಲೂ ಏನೂ ಇರಲಿಲ್ಲ. ಆದರೂ ಮಿದುಳಿನಲ್ಲಿ ಬಂತು. ಹೆದರಿಸಲು ಹೇಳುತ್ತಿಲ್ಲ. ಸ್ಕ್ಯಾನ್‌ಗೆ ತಪ್ಪಿಸಿಕೊಳ್ಳಬೇಡಿ ಅಂತ ಹೇಳಲು ಬಂದೆ.

ಸ್ಲೈಡ್‌ಗೂಬೆ
ಒಂಟಿಮರ ಅವರೇ, ಬೇಸರವಾಯಿತು. ನೀವು ಹೇಳಿದ್ದು ಚರ್ಚೆಗೂ ಬೇಕಾದ ಮಾತು. ದುಗ್ಧನಾಳ ಒಂದೇ ದಾರಿಯಲ್ಲ. ರಕ್ತನಾಳದ ಮೂಲಕ ಗ್ರಂಥಿಯನ್ನು ಮುಟ್ಟದೆಯೇ ನೇರ ಹೋಗಬಹುದು. ಅದಕ್ಕೇ ರಿಪೋರ್ಟ್‌ನಲ್ಲಿ ದುಗ್ಧನಾಳ ಬೇರೆ, ರಕ್ತನಾಳ ಬೇರೆ ಬರೆದರೆ ಒಳ್ಳೆಯದು. ಕೆಲವು ಲ್ಯಾಬ್‌ಗಳು ಎರಡನ್ನೂ ಸೇರಿಸಿ ಒಂದೇ ಸಾಲು ಬರೆಯುತ್ತವೆ. ನನಗೆ ಅದು ಇಷ್ಟವಿಲ್ಲ.

ಎಣಿಕೆಯ ಜಗಳಕ್ಕೆ ನನ್ನ ಪಾಲು. ಮಾಮೂಲಿ ಗುಲಾಬಿ-ನೀಲಿ ಬಣ್ಣದಲ್ಲಿ ದುಗ್ಧನಾಳವನ್ನು ಗುರುತಿಸುವುದು ಕಷ್ಟ. ಗಡ್ಡೆಯ ಗುಂಪಿನ ಸುತ್ತ ಅಂಗಾಂಶ ಕುಗ್ಗಿ ಖಾಲಿ ಜಾಗ ಉಂಟಾದರೂ ನಾಳದ ಹಾಗೇ ಕಾಣುತ್ತದೆ. ಅದಕ್ಕೆ ಡಿ2-40 ಎಂಬ ವಿಶೇಷ ಬಣ್ಣ ಹಾಕುತ್ತೇವೆ. ಅದು ದುಗ್ಧನಾಳದ ಗೋಡೆಯ ಪೊಡೊಪ್ಲಾನಿನ್‌ಗೆ ಅಂಟುತ್ತದೆ, ರಕ್ತನಾಳಕ್ಕೆ ಅಂಟುವುದಿಲ್ಲ. ಇಷ್ಟರವರೆಗೆ ಚೆನ್ನ. ಆದರೆ ಶ್ವಾಸಕೋಶದಲ್ಲಿ ಇದೇ ಪ್ರೋಟೀನ್ ಗಾಳಿಗೂಡಿನ ತೆಳುಗೋಡೆಯ ಕೋಶಗಳಲ್ಲೂ ಇದೆ. ಶ್ವಾಸಕೋಶದ ಹೊರಪೊರೆಯಾದ ಪ್ಲೂರಾದ ಕೋಶಗಳಲ್ಲೂ ಇದೆ. ಗಡ್ಡೆಯ ಸುತ್ತಲಿನ ಕೆಲವು ನಾರು ಕೋಶಗಳೂ ಬಣ್ಣ ಹಿಡಿಯುತ್ತವೆ. ಅಂದರೆ ಬೇರೆ ಅಂಗಕ್ಕಿಂತ ಇಲ್ಲಿ ಎಣಿಸುವುದು ಜಾಸ್ತಿ ಕಷ್ಟ. ಹೊಸಬರು ಮುರಿದ ಗಾಳಿಗೂಡನ್ನೂ ನಾಳ ಅಂತ ಎಣಿಸಿಬಿಡುತ್ತಾರೆ.

ಮತ್ತೆ, ‘ಜಾಸ್ತಿ ಇದೆ’ ಅಂದರೆ ‘ಹೊಸದಾಗಿ ಬೆಳೆಯಿತು’ ಅಂತಲೂ ಅಲ್ಲ. ಶ್ವಾಸಕೋಶದಲ್ಲಿ ಶ್ವಾಸನಾಳಗಳ ಜೊತೆಜೊತೆಗೆ, ಪ್ಲೂರಾದ ಕೆಳಗೆ, ಮೊದಲಿನಿಂದಲೇ ದುಗ್ಧನಾಳ ಧಾರಾಳ ಇದೆ. ಕೆಲವು ಗಡ್ಡೆಗಳು ಹೊಸ ನಾಳ ಬೆಳೆಸುವ ಗೋಜಿಗೇ ಹೋಗುವುದಿಲ್ಲ. ಗಾಳಿಗೂಡುಗಳನ್ನು ತುಂಬಿಕೊಂಡು ಇರುವ ನಾಳವನ್ನೇ ಬಳಸಿಕೊಳ್ಳುತ್ತವೆ. ಹೊಸದು ಹೌದೋ ಅಲ್ಲವೋ ಅಂತ ತಿಳಿಯಲು ಕೋಶ ವಿಭಜನೆ ತೋರಿಸುವ ಕೆಐ-67 ಬಣ್ಣವನ್ನೂ ಜೊತೆಗೆ ಹಾಕಬೇಕು. ಎಷ್ಟೋ ಲೇಖನಗಳಲ್ಲಿ ಅದು ಇರುವುದೇ ಇಲ್ಲ, ತಲೆಬರಹದಲ್ಲಿ ಮಾತ್ರ ‘ಬೆಳವಣಿಗೆ’ ಇರುತ್ತದೆ.

ಇಲಿಮನೆ
ಇದು ನ್ಯಾಯವಾದ ಟೀಕೆ. ಒಳಗಿನ ನಾಳ, ಅಂಚಿನ ನಾಳ ವ್ಯತ್ಯಾಸಕ್ಕೂ ಕಾರಣ ಇದೆ. 2002ರಲ್ಲಿ ಪಡೇರ ಮತ್ತು ಅವರ ಜೊತೆಗಾರರು ಇಲಿಯ ಗಡ್ಡೆಗಳಲ್ಲಿ ತೋರಿಸಿದ್ದು ಇದನ್ನೇ. ಗಡ್ಡೆಯ ಒಳಗಿನ ದುಗ್ಧನಾಳಗಳು ಒತ್ತಡಕ್ಕೆ ಚಪ್ಪಟೆಯಾಗಿ ಕೆಲಸ ಮಾಡುವುದಿಲ್ಲ. ಅಂಚಿನಲ್ಲಿ ಕೆಲಸ ಮಾಡುವ ನಾಳ ಇದ್ದರೆ ಹರಡುವುದಕ್ಕೆ ಅಷ್ಟೇ ಸಾಕು. ಹಾಗಾಗಿ ಒಳಗೆ ಎಷ್ಟು ಎಣಿಸಿದರೂ ಅದರಿಂದ ಹೆಚ್ಚೇನೂ ತಿಳಿಯದಿರಬಹುದು.

ಗೂಡುಹಕ್ಕಿ
ಸ್ವಲ್ಪ ಬೇರೆ ಮಾತು. ಈ ದುಗ್ಧನಾಳಗಳನ್ನು ಮೊದಲು ಕಂಡದ್ದು ಗಾಸ್ಪಾರೆ ಅಸೆಲ್ಲಿ ಎಂಬ ಇಟಲಿಯ ವೈದ್ಯ, 1622ರ ಜುಲೈನಲ್ಲಿ. ಆಗತಾನೆ ಹೊಟ್ಟೆ ತುಂಬ ಉಣಿಸಿದ್ದ ನಾಯಿಯ ಹೊಟ್ಟೆ ಸೀಳಿದಾಗ ಕರುಳಿನ ಪೊರೆಯಲ್ಲಿ ಬಿಳಿ ಗೆರೆಗಳು ಕಂಡವು. ಮೊದಲು ನರ ಅಂದುಕೊಂಡ. ಕೊಯ್ದರೆ ಹಾಲಿನಂಥ ದ್ರವ ಬಂತು. ಪುಸ್ತಕ ಬಂದಿದ್ದು ಅವನು ಸತ್ತ ಮೇಲೆ, 1627ರಲ್ಲಿ. ಆಮೇಲೆ 1650ರ ದಶಕದಲ್ಲಿ ಸ್ವೀಡನ್ನಿನ ರುಡ್‌ಬೆಕ್, ಡೆನ್ಮಾರ್ಕಿನ ಬಾರ್ತೋಲಿನ್ ಇಬ್ಬರೂ ‘ಇಡೀ ದೇಹದಲ್ಲಿರುವ ಈ ಜಾಲ ನಾನೇ ಮೊದಲು ಕಂಡೆ’ ಅಂತ ಜಗಳಕ್ಕೆ ಬಿದ್ದರು.

ತುಂಟಕೋತಿ
ಅಂದರೆ ಈ ನಾಳದ ವಿಷಯದಲ್ಲಿ ಜಗಳ ಆಡೋದು ಸುಮಾರು 370 ವರ್ಷದ ಸಂಪ್ರದಾಯ. ಲೆಕ್ಕದವನು, ಇಲಿಮನೆ, ಮುಂದುವರಿಸಿ.

ಮಳೆಹನಿ
ಎಲ್ಲರಿಗೂ ಧನ್ಯವಾದ. ಒಂದು ಸಂಶಯ. ನಾಳ ಬೆಳೆಯುವುದು ಇಷ್ಟು ಮುಖ್ಯ ಅಂದರೆ ಅದನ್ನು ತಡೆಯುವ ಔಷಧ ಇರಬೇಕಲ್ವಾ? ಅಕ್ಕನಿಗೆ ಅದನ್ನು ಕೊಡಬಹುದಾ?

ಇಲಿಮನೆ
ರಕ್ತನಾಳ ತಡೆಯುವುದು ಇದೆ. ಬೆವಸಿಜುಮಾಬ್ ವಿಇಜಿಎಫ್-ಎ ಹಿಡಿಯುತ್ತದೆ. ಹರಡಿದ ಕ್ಯಾನ್ಸರ್‌ನಲ್ಲಿ ಕೀಮೋ ಜೊತೆ ಕೊಟ್ಟಾಗ ಬದುಕಿದ ಅವಧಿಯ ಮಧ್ಯದ ಅಂಕಿ (ಅರ್ಧ ಜನ ಅದಕ್ಕಿಂತ ಹೆಚ್ಚು ಬದುಕಿದರು) 10.3 ತಿಂಗಳಿಂದ 12.3 ತಿಂಗಳಿಗೆ ಏರಿತು. 2006ರಲ್ಲಿ ಬಂದ ಫಲಿತಾಂಶ ಅದು. ಸ್ಕ್ವಾಮಸ್ ಎಂಬ ಇನ್ನೊಂದು ಬಗೆಯ ಶ್ವಾಸಕೋಶದ ಕ್ಯಾನ್ಸರ್ ಇರುವವರಿಗೆ ಶ್ವಾಸಕೋಶದಲ್ಲಿ ರಕ್ತಸ್ರಾವ ಆಗುವ ಅಪಾಯ ಕಂಡಿದ್ದರಿಂದ ಅವರನ್ನು ಹೊರಗಿಟ್ಟಿದ್ದರು. ರಾಮುಸಿರುಮಾಬ್ ವಿಇಜಿಎಫ್‌ಆರ್-2 ಮುಚ್ಚುತ್ತದೆ. ಅದರ ಲಾಭವೂ ಸಣ್ಣದೇ. ದುಗ್ಧನಾಳವನ್ನೇ ಗುರಿಯಾಗಿಸಿದ, ಅಂದರೆ ವಿಇಜಿಎಫ್-ಸಿ ಅಥವಾ ವಿಇಜಿಎಫ್‌ಆರ್-3 ಒಂದನ್ನೇ ತಡೆದು ಶ್ವಾಸಕೋಶದ ಕ್ಯಾನ್ಸರ್ ಹಿಡಿಯುವ ಔಷಧ ಚಿಕಿತ್ಸೆಯಲ್ಲಿ ಇಲ್ಲ.

ಎದೆಗೂಡು
ಆಪರೇಷನ್ ಆದವರಿಗೆ ಕೀಮೋ ಜೊತೆ ಬೆವಸಿಜುಮಾಬ್ ಸೇರಿಸಿ ನೋಡಿದ ದೊಡ್ಡ ಪ್ರಯೋಗ ಇದೆ, ಇ1505 ಅಂತ. ಬದುಕು ಹೆಚ್ಚಲಿಲ್ಲ. ಆದ್ದರಿಂದ ಅಕ್ಕನ ವಿಷಯದಲ್ಲಿ ಆ ಪ್ರಶ್ನೆ ಬಿಡಿ.

ಹಳೇಬೇರು
ಲಿಂಫ್ ಮಸಾಜ್ ಮಾಡಿಸಿ. ವಿಷ ಎಲ್ಲ ಹೊರಗೆ ಹೋಗುತ್ತದೆ. ನಾಳ ತೆರೆದುಕೊಳ್ಳುತ್ತದೆ.

ಸ್ಲೈಡ್‌ಗೂಬೆ
ಚರ್ಮದ ಮೇಲಿನ ಮಸಾಜ್ ಎದೆಯ ಒಳಗಿನ ದುಗ್ಧನಾಳಕ್ಕೆ ತಲುಪುವುದೇ ಇಲ್ಲ. ಕೈಕಾಲು ಊದಿಕೊಂಡವರಿಗೆ ಅದು ಉಪಯೋಗ, ಅದು ಬೇರೆ ಮಾತು. ಮತ್ತೆ, ಗ್ರಂಥಿಯಲ್ಲಿ ಸೇರುವ ‘ವಿಷ’ ನೋಡಬೇಕು ಅಂದರೆ ಸಿಗರೇಟ್ ಸೇದುವವರ ಎದೆಯ ಗ್ರಂಥಿ ನೋಡಿ. ಇದ್ದಿಲಿನಂತೆ ಕಪ್ಪಗಿರುತ್ತದೆ. ಶ್ವಾಸಕೋಶಕ್ಕೆ ಹೋದ ಇಂಗಾಲದ ಪುಡಿಯನ್ನು ದುಗ್ಧನಾಳ ಹೊತ್ತು ತಂದು ಅಲ್ಲಿ ಸುರಿದಿರುತ್ತದೆ. ಯಾವ ಮಸಾಜಿಗೂ ಅದು ಹೊರಗೆ ಬಂದಿದ್ದನ್ನು ನಾನು ನೋಡಿಲ್ಲ. ಕಪ್ಪಗಿರುವುದೆಲ್ಲ ಕ್ಯಾನ್ಸರ್ ಅಲ್ಲ ಅಂತಲೂ ಇಲ್ಲೇ ಹೇಳಿಬಿಡುತ್ತೇನೆ.

ನೀಲಿಕೊಡೆ
ಹಾಗಾದರೆ ದುಗ್ಧನಾಳ ಕೆಟ್ಟದ್ದೇ. ಎಲ್ಲ ಮುಚ್ಚಿಬಿಟ್ಟರೆ ಒಳ್ಳೆಯದಲ್ವಾ?

ಸಣ್ಣಸೂಜಿ
ನಾನು ಇಮ್ಯೂನೋಥೆರಪಿ ಕಡೆಯವಳು. ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ಈ ಮಾತಿಗೆ ಬಾಯಿ ಬಿಡಲೇಬೇಕಾಯಿತು.

ಕ್ಯಾನ್ಸರ್ ಕೋಶ ಹೋಗುವ ದಾರಿಯಲ್ಲೇ ನಮ್ಮ ಕಾವಲು ಕೋಶಗಳೂ ಹೋಗುತ್ತವೆ. ಗಡ್ಡೆಯಿಂದ ಪ್ರೋಟೀನ್ ಚೂರು ಹೊತ್ತ ಡೆಂಡ್ರಿಟಿಕ್ ಕೋಶಗಳು ದುಗ್ಧನಾಳದ ಮೂಲಕ ಗ್ರಂಥಿಗೆ ಹೋಗಿ ಅಲ್ಲಿ ಟಿ ಕೋಶಗಳಿಗೆ ತೋರಿಸುತ್ತವೆ. ಆಮೇಲೆ ಟಿ ಕೋಶಗಳು ಗಡ್ಡೆಗೆ ನುಗ್ಗುತ್ತವೆ. ಈ ನಾಳ ಮುಚ್ಚಿದರೆ ಆ ಸುದ್ದಿ ತಲುಪುವುದೇ ಇಲ್ಲ. 2017ರಲ್ಲಿ ಇಲಿಗಳ ಮೆಲನೋಮ (ಒಂದು ಬಗೆಯ ಚರ್ಮದ ಕ್ಯಾನ್ಸರ್) ಮೇಲೆ ಬಂದ ಕೆಲಸದಲ್ಲಿ ದುಗ್ಧನಾಳ ಜಾಸ್ತಿ ಇದ್ದ ಗಡ್ಡೆಗಳೇ ಇಮ್ಯೂನೋಥೆರಪಿಗೆ ಚೆನ್ನಾಗಿ ಸ್ಪಂದಿಸಿದವು. 2020ರಲ್ಲಿ ಮಿದುಳಿನ ಗಡ್ಡೆಯ ಇಲಿಗಳಿಗೆ ವಿಇಜಿಎಫ್-ಸಿ ಕೊಟ್ಟಾಗಲೂ ಟಿ ಕೋಶಗಳು ಚುರುಕಾದವು. 20 ವರ್ಷ ಖಳನಾಯಕ ಅಂತ ಬೈಸಿಕೊಂಡ ಪ್ರೋಟೀನ್ ಇದೇ.

ಕಲ್ಲುಸಕ್ಕರೆ ಅವರ ಗಂಡನ ಚಿಕಿತ್ಸೆಗೂ ಇದಕ್ಕೂ ಸಂಬಂಧ ಇದೆ. ಆಪರೇಷನ್‌ಗೆ ಮುಂಚೆ ಇಮ್ಯೂನೋ ಕೊಡುವುದರ ಹಿಂದಿನ ಒಂದು ಯೋಚನೆ, ಗಡ್ಡೆ ಮತ್ತು ಗ್ರಂಥಿ ಎರಡೂ ಇನ್ನೂ ದೇಹದಲ್ಲಿರುವಾಗಲೇ ಟಿ ಕೋಶಗಳಿಗೆ ಪಾಠ ಆಗಲಿ ಅನ್ನುವುದು. 2022ರ ಚೆಕ್‌ಮೇಟ್ 816 ಪ್ರಯೋಗದಲ್ಲಿ ಕೀಮೋ ಜೊತೆ ನಿವೊಲುಮಾಬ್ ಎಂಬ ಇಮ್ಯೂನೋ ಔಷಧ ಕೊಟ್ಟವರಲ್ಲಿ ಶೇ. 24 ಜನರ ಗಡ್ಡೆಯಲ್ಲಿ ಜೀವಂತ ಕ್ಯಾನ್ಸರ್ ಉಳಿದಿರಲಿಲ್ಲ. ಬರೀ ಕೀಮೋದಲ್ಲಿ ಶೇ. 2.2 ಮಾತ್ರ.

ಲೆಕ್ಕದವನು
ಅಂದರೆ ಆಪರೇಷನ್ ಒಂದೇ ಇದ್ದ ಕಾಲದ ರೋಗಿಗಳ ಮೇಲೆ ಎಣಿಸಿದ ‘ಜಾಸ್ತಿ ನಾಳ, ಕೆಟ್ಟ ಸುದ್ದಿ’ ಎಂಬ ಲೆಕ್ಕ ಇಮ್ಯೂನೋ ಪಡೆದವರಿಗೆ ಹಾಗೇ ಹೊಂದಬೇಕಿಲ್ಲ. ಇದು ಸರಿಯಾದ ಮಾತು. ಗುರುತಿನ ಬೆಲೆ ಚಿಕಿತ್ಸೆಯ ಮೇಲೂ ನಿಲ್ಲುತ್ತದೆ.

ಇಲಿಮನೆ
ಇಲಿಯ ಮೆಲನೋಮ ಮನುಷ್ಯರ ಶ್ವಾಸಕೋಶ ಅಲ್ಲ. ನಾನೇ ಇಲಿಯವನು, ನಾನೇ ಹೇಳುತ್ತಿದ್ದೇನೆ.

ಸಣ್ಣಸೂಜಿ
2001ರ ಇಲಿಗಳನ್ನು ನಂಬಿದವರು 2017ರ ಇಲಿಗಳನ್ನೂ ಸ್ವಲ್ಪ ನಂಬಿ ಸರ್.

ತುಂಟಕೋತಿ
ಸಿಕ್ಸರ್!

ಎದೆಗೂಡು
ಮಳೆಹನಿ ಅವರ ಪ್ರಶ್ನೆಗೆ ವಾಪಸ್ ಬರೋಣ. 1ಬಿ ಹಂತದಲ್ಲಿ ಕೀಮೋ ಬೇಕೋ ಬೇಡವೋ ಎಂಬುದು ಹಳೆಯ ಚರ್ಚೆ. 2008ರಲ್ಲಿ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿದಾಗ ಕೀಮೋದಿಂದ 5 ವರ್ಷದ ಬದುಕಿನಲ್ಲಿ ಶೇ. 5.4ರಷ್ಟು ಲಾಭ ಸಿಕ್ಕಿತು. ಆದರೆ ಅದು ಮುಖ್ಯವಾಗಿ 2 ಮತ್ತು 3ನೇ ಹಂತದವರಿಂದ ಬಂದದ್ದು. 1ಬಿ ಯಲ್ಲಿ ಸ್ಪಷ್ಟ ಲಾಭ ಕಾಣಲಿಲ್ಲ. 1ಬಿ ಯವರನ್ನೇ ನೋಡಿದ ಇನ್ನೊಂದು ಪ್ರಯೋಗದಲ್ಲಿ 4 ಸೆಂ.ಮೀ. ಮತ್ತು ಅದಕ್ಕಿಂತ ದೊಡ್ಡ ಗಡ್ಡೆಯವರಿಗೆ ಮಾತ್ರ ಲಾಭ ಇದ್ದಂತೆ ತೋರಿತು. ನಿಮ್ಮದು 3.4. ಇಂಥ ಗಡಿಯಲ್ಲಿರುವವರಿಗೆ ನಾಳದೊಳಗಿನ ಕೋಶ, ಕೋಶಗಳ ಒರಟುತನ, ಪ್ಲೂರಾ ಮುಟ್ಟಿದೆಯೇ ಎಂಬ ಸಾಲುಗಳು ತಕ್ಕಡಿಯಲ್ಲಿ ಬೀಳುತ್ತವೆ. ಇಬ್ಬರು ಡಾಕ್ಟರು ಎರಡು ಥರ ಹೇಳಿದರೂ ಆಶ್ಚರ್ಯ ಬೇಡ.

ಅಡಿನೋಕಾರ್ಸಿನೋಮ ಆದ್ದರಿಂದ ಇಜಿಎಫ್‌ಆರ್ ಎಂಬ ಜೀನ್‌ನಲ್ಲಿ ಬದಲಾವಣೆ ಇದೆಯೇ ಎಂದು ನೋಡುವ ಪರೀಕ್ಷೆ ಆಗಿದೆಯಾ ಅಂತ ಕೇಳಲೇಬೇಕು. ನನ್ನ ಪ್ರಕಾರ ಈ ಇಡೀ ಚರ್ಚೆಗಿಂತ ಆ ಒಂದು ರಿಸಲ್ಟ್ ನಿಮಗೆ ಜಾಸ್ತಿ ಉಪಯೋಗ.

ಮಳೆಹನಿ
ಡಾಕ್ಟರ್ ಭೇಟಿ ಮುಗಿಯಿತು. ಇಲ್ಲಿಂದ ಬರೆದುಕೊಂಡು ಹೋದ ಚೀಟಿ ನೋಡಿ ಅವರು ನಕ್ಕರು, ಆದರೆ ಎಲ್ಲಕ್ಕೂ ಉತ್ತರ ಕೊಟ್ಟರು. ಎದೆಯ ನಡುಭಾಗದ 2, 4, 7ನೇ ಸ್ಟೇಷನ್ ಮತ್ತು ಶ್ವಾಸಕೋಶದ ಬುಡದ ಎರಡು ಕಡೆಯ ಗ್ರಂಥಿ ತೆಗೆದಿದ್ದಾರಂತೆ. ನಾಳದ ದಟ್ಟಣೆ ಎಣಿಸುತ್ತೀರಾ ಅಂದೆ. ‘ಎಣಿಸಿದರೂ ಅದನ್ನು ನೋಡಿ ನಾನು ಚಿಕಿತ್ಸೆ ಬದಲಿಸುವುದಿಲ್ಲ’ ಅಂದರು. ಇಜಿಎಫ್‌ಆರ್ ರಿಸಲ್ಟ್ ಬಂದಿದೆ, ಎಕ್ಸಾನ್ 19 ಡಿಲೀಷನ್, ಅಂದರೆ ಆ ಜೀನ್‌ನ ಒಂದು ಚೂರು ಬಿಟ್ಟುಹೋಗಿರುವ ಬದಲಾವಣೆ ಇದೆ. ಕೀಮೋ ಬೇಡ ಅನ್ನುವ ಕಡೆ ಅವರ ಒಲವು. ಈ ಬದಲಾವಣೆ ಇರುವವರಿಗೆ ಕೊಡುವ ಓಸಿಮರ್ಟಿನಿಬ್ ಮಾತ್ರೆ ಬಗ್ಗೆ ಯೋಚಿಸಿ ಬನ್ನಿ ಅಂದಿದ್ದಾರೆ. ಯಾರಿಗಾದರೂ ಗೊತ್ತಾ ಇದು?

ಎದೆಗೂಡು
ಸ್ಟೇಷನ್‌ಗಳು ಚೆನ್ನಾಗಿ ಆಗಿವೆ. ನಿಮ್ಮ ಎನ್0 ನಂಬಬಹುದು.

ಲೆಕ್ಕದವನು
ಅದಾರಾ ಎಂಬ ಪ್ರಯೋಗ. 1ಬಿ ಯಿಂದ 3ಎ ವರೆಗಿನ, ಇಜಿಎಫ್‌ಆರ್ ಬದಲಾವಣೆ ಇದ್ದವರಿಗೆ ಆಪರೇಷನ್ ಆದ ಮೇಲೆ 3 ವರ್ಷ ಈ ಮಾತ್ರೆ. 2023ರಲ್ಲಿ ಬಂದ ಫಲಿತಾಂಶದ ಪ್ರಕಾರ 5 ವರ್ಷಕ್ಕೆ ಬದುಕಿದ್ದವರು ಮಾತ್ರೆ ಗುಂಪಿನಲ್ಲಿ ಶೇ. 88, ಇನ್ನೊಂದರಲ್ಲಿ ಶೇ. 78. ಒಳ್ಳೆಯ ಅಂತರ. ಆದರೆ 1ಬಿ ಯವರಿಗೆ ಅಂತರ ಇದಕ್ಕಿಂತ ಚಿಕ್ಕದು, ಏಕೆಂದರೆ ಅವರು ಮಾತ್ರೆ ಇಲ್ಲದೆಯೂ ಚೆನ್ನಾಗಿರುತ್ತಾರೆ. ಮತ್ತೆ ಮರಳಿದಾಗ ಇದೇ ಮಾತ್ರೆ ಇನ್ನೊಂದು ಗುಂಪಿನ ಎಲ್ಲರಿಗೂ ಸಿಗಲಿಲ್ಲ ಎಂಬ ಟೀಕೆ ಇದೆ. ಈಗಲೇ ಕೊಡುವುದಕ್ಕೂ ಮರಳಿದಾಗ ಕೊಡುವುದಕ್ಕೂ ಎಷ್ಟು ವ್ಯತ್ಯಾಸ ಅಂತ ಡಾಕ್ಟರನ್ನು ಕೇಳಿ.

ಸಣ್ಣಸೂಜಿ
ಭೇದಿ, ಚರ್ಮದ ತೊಂದರೆ, ಉಗುರಿನ ಸುತ್ತ ಹುಣ್ಣು, ಇವು ಸಾಮಾನ್ಯ. ಅಪರೂಪಕ್ಕೆ ಶ್ವಾಸಕೋಶದ ಉರಿಯೂತ. ಹೊಸದಾಗಿ ಉಬ್ಬಸ ಬಂದರೆ ಕಾಯಬೇಡಿ. ಮೂರು ವರ್ಷ ಅಂದರೆ ಸಣ್ಣ ತೊಂದರೆಯೂ ದೊಡ್ಡದಾಗುತ್ತದೆ. ಅಕ್ಕನ ಮಾತನ್ನೂ ಕೇಳಿ, ಅವರಿಗೇನು ಬೇಕು ಅಂತ.

ಮಳೆಹನಿ
ಅಕ್ಕ ಈ ಚರ್ಚೆ ಓದುತ್ತಿದ್ದಾಳೆ. ತುಂಟಕೋತಿ ಅವರಿಗೆ ಸ್ಪೆಷಲ್ ಥ್ಯಾಂಕ್ಸ್ ಹೇಳು ಅಂದಳು.

ತುಂಟಕೋತಿ
ನೋಡಿದ್ರಾ ಲೆಕ್ಕದವರೇ, ನನಗೂ ಸ್ವಂತ ಬೆಲೆ ಇದೆ.

ಹೊಸಹೆಜ್ಜೆ
ತಡವಾಗಿ ಬಂದೆ. ಅಪ್ಪನ ರಿಪೋರ್ಟ್‌ನಲ್ಲಿ 2.2 ಸೆಂ.ಮೀ. ಗಡ್ಡೆ, ‘ಪ್ಲೂರಲ್ ಇನ್ವೇಷನ್ ಪಿಎಲ್1’ ಅಂತಿದೆ. ಅದೂ ಇದೇ ಥರದ್ದಾ? ಹಂತ ಬದಲಾಗುವುದಿಲ್ಲ ಅಲ್ವಾ?

ಸ್ಲೈಡ್‌ಗೂಬೆ
ಅದು ಬೇರೆ, ಅದು ಹಂತ ಬದಲಿಸುತ್ತದೆ. ಶ್ವಾಸಕೋಶದ ಹೊರಪೊರೆಯ ಎಲಾಸ್ಟಿಕ್ ಪದರವನ್ನು ಗಡ್ಡೆ ದಾಟಿದರೆ ಪಿಎಲ್1. ಆಗ 2.2 ಸೆಂ.ಮೀ. ಇದ್ದರೂ ಟಿ2, ಅಂದರೆ ಗಡ್ಡೆಯ ಎರಡನೇ ದರ್ಜೆ ಆಗುತ್ತದೆ. ಎಲಾಸ್ಟಿಕ್ ಬಣ್ಣ ಹಾಕಿ ಖಚಿತ ಮಾಡಿದ್ದಾರಾ ಅಂತ ಮೊದಲು ಕೇಳಿ. ಹೊಸ ಚರ್ಚೆ ಶುರು ಮಾಡಿ ರಿಪೋರ್ಟ್‌ನ ಸಾಲುಗಳನ್ನು ಪೂರ್ತಿ ಹಾಕಿ, ಹೆಸರು ಮತ್ತು ನಂಬರ್ ಅಳಿಸಿ. ಇಲ್ಲೇ ಮುಂದುವರಿಸಿದರೆ ಹಳೇಬೇರು ಅವರು ಪ್ಲೂರಾಗೂ ಮಸಾಜ್ ಹೇಳುತ್ತಾರೆ.